ಮಕ್ಕಳ ನರರೋಗದ ಅಳತೆ ಸ್ಪ್ಯಾನಿಷ್‌ಗೆ ಬಂತು, ನಮ್ಮ ಕನ್ನಡಕ್ಕೆ ಯಾವಾಗ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್. ಮಕ್ಕಳ ಕೈಕಾಲಿನ ತೊಂದರೆ ನೋಡುವುದೇ ನನ್ನ ಕೆಲಸದ ದೊಡ್ಡ ಪಾಲು. ಮಕ್ಕಳ ನರರೋಗ ಎಷ್ಟಿದೆ ಅಂತ ಅಳೆಯುವ ಒಂದು ಮಾಪನವನ್ನು ಸ್ಪ್ಯಾನಿಷ್ ಭಾಷೆಗೆ ಹೊಂದಿಸಿದ ಕೆಲಸದ ಬಗ್ಗೆ ಈಚೆಗೆ ಓದಿದೆ. ಅವತ್ತಿನಿಂದ ಒಂದೇ ವಿಚಾರ ಕೊರೆಯುತ್ತಿದೆ. ಇದೇ ಕೆಲಸ ಕನ್ನಡದಲ್ಲೂ ಆಗಬೇಕು, ಅದೂ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮಗು ಒಂದೇ ಸಲಕ್ಕೆ ತಿಳಿದುಕೊಳ್ಳುವಂಥ ಕನ್ನಡದಲ್ಲಿ. ಅದಕ್ಕೆ ಬೇಕಾದ ಜನ, ಕಾಲೇಜು, ಆಸ್ಪತ್ರೆ ಎಲ್ಲವೂ ನಮ್ಮ ಅವಳಿ ನಗರದಲ್ಲೇ ಇವೆ. ಅವರ ಕಣ್ಣಿಗೆ ಬೀಳಲಿ ಅಂತಲೇ ಈ ಪತ್ರ.

ಮೊದಲು ಕಾಯಿಲೆ ಯಾವುದು ಅಂತ ಹೇಳಿಬಿಡುತ್ತೇನೆ. ಹೆಸರು ಶಾರ್ಕೋ-ಮೇರಿ-ಟೂತ್, ಚಿಕ್ಕದಾಗಿ ಸಿಎಂಟಿ. ಹಲ್ಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. 1886ರಲ್ಲಿ ಇದನ್ನು ವಿವರಿಸಿದ ಮೂವರು ವೈದ್ಯರ ಹೆಸರುಗಳಿವು. ಫ್ರಾನ್ಸಿನ ಶಾರ್ಕೋ ಮತ್ತು ಮೇರಿ, ಇಂಗ್ಲೆಂಡಿನ ಟೂತ್. ಇದು ವಂಶದಲ್ಲಿ ಬರುವ ನರರೋಗ. ಸುಮಾರು 2,500 ಜನರಲ್ಲಿ ಒಬ್ಬರಿಗೆ ಇರುತ್ತದೆ ಅನ್ನುವುದು ಎಲ್ಲರೂ ಹೇಳುವ ಅಂದಾಜು. ಅಂದರೆ ಅಪರೂಪ ಅಂತ ಬದಿಗಿಡುವಷ್ಟು ಅಪರೂಪ ಅಲ್ಲ. ಬೆನ್ನುಹುರಿಯಿಂದ ಕೈಕಾಲಿಗೆ ಹೋಗುವ ನರಗಳ ಹೊದಿಕೆಯೋ, ಒಳಗಿನ ತಂತುವೋ ನಿಧಾನವಾಗಿ ಕೆಡುತ್ತಾ ಹೋಗುತ್ತದೆ. ಅತಿ ಉದ್ದದ ನರಗಳಿಗೆ ಮೊದಲು ಪೆಟ್ಟು. ಹಾಗಾಗಿ ತೊಂದರೆ ಪಾದದಿಂದ ಶುರುವಾಗಿ ಆಮೇಲೆ ಕೈಗೆ ಬರುತ್ತದೆ.

ಇದು ಮನೆಯವರ ಕಣ್ಣಿಗೆ ಬೀಳುವುದು ಹೇಗೆ? ಮಗು ಓಡುವಾಗ ಪದೇ ಪದೇ ಮುಗ್ಗರಿಸುತ್ತದೆ. ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುವುದಿಲ್ಲ, ಎರಡು ಹೆಜ್ಜೆಗೆ ಜಾರಿ ಹಿಂದೆ ಉಳಿಯುತ್ತದೆ. ಪಾದದ ನಡುಭಾಗ ಕಮಾನಿನಂತೆ ಎತ್ತರ ಆಗಿರುತ್ತದೆ, ಬೆರಳುಗಳು ಮಡಚಿಕೊಂಡಿರುತ್ತವೆ, ಮೀನಖಂಡ ಸಣ್ಣಗಾಗಿರುತ್ತದೆ. ಹಿಮ್ಮಡಿ ಮೇಲೆ ನಡಿ ಅಂದರೆ ಮುಂಗಾಲು ಮೇಲೇಳುವುದೇ ಇಲ್ಲ. ಸ್ವಲ್ಪ ದೊಡ್ಡದಾದಮೇಲೆ ಅಂಗಿ ಗುಂಡಿ ಹಾಕುವುದು, ಜಿಪ್ ಎಳೆಯುವುದು, ಶಾಲೆಯಲ್ಲಿ ಬೇಗ ಬೇಗ ಬರೆಯುವುದು ಕಷ್ಟ ಆಗುತ್ತದೆ. ಇಂಥ ಮಗು ಬಂದರೆ ನಾನು ಜೊತೆಗೆ ಬಂದ ಅಪ್ಪ ಅವ್ವನ ಪಾದವನ್ನೂ ನೋಡುತ್ತೇನೆ. ಎಷ್ಟೋ ಸಲ ಅದೇ ಕಮಾನು, ಅದೇ ಮಡಚಿದ ಬೆರಳು ಅಲ್ಲೂ ಇರುತ್ತದೆ. ಅವರು ಅದನ್ನು ಕಾಯಿಲೆ ಅಂದುಕೊಂಡೇ ಇರುವುದಿಲ್ಲ, "ನಮ್ಮ ಮನಿತನದಾಗ ಎಲ್ಲಾರ ಕಾಲೂ ಹಿಂಗ ರೀ" ಅನ್ನುತ್ತಾರೆ. ಸಿಎಂಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ 1ಎ ವಿಧದಲ್ಲಿ 17ನೇ ಕ್ರೋಮೋಸೋಮಿನ ಒಂದು ತುಣುಕು ಎರಡು ಸಲ ಬಂದಿರುತ್ತದೆ. 1991ರಲ್ಲಿ ಇದು ಗೊತ್ತಾಯಿತು. ಅಪ್ಪ ಅವ್ವನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನು ಕೆಲವು ವಿಧಗಳಲ್ಲಿ ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರ ಕಡೆಯಿಂದಲೂ ದೋಷ ಬಂದು ಸೇರಿದರೆ ಮಗುವಿಗೆ ಕಾಯಿಲೆ ಬರುತ್ತದೆ. ಇಂಥವು ಹೆಚ್ಚಾಗಿ ಬೇಗ ಶುರುವಾಗುತ್ತವೆ, ಜೋರಾಗಿಯೂ ಇರುತ್ತವೆ. ಸೋದರಮಾವ, ಅತ್ತೆ ಮಗ, ಮಾವನ ಮಗಳು ಅಂತ ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಈ ವಿಧಗಳನ್ನು ಮರೆಯುವಂತಿಲ್ಲ.

ನಮ್ಮಲ್ಲಿ ಏನಾಗುತ್ತದೆ ಅಂದರೆ, "ಪೋಲಿಯೋ ಆಗಿರಬೇಕು" ಅಂತ ಯಾರೋ ಹೇಳುತ್ತಾರೆ. "ನರ ವೀಕ್ ಆಗ್ಯಾವ" ಅಂತ ಬಿ12 ಇಂಜೆಕ್ಷನ್ ಕೊಡಿಸುತ್ತಾರೆ. ಎಣ್ಣೆ ತಿಕ್ಕಿಸುತ್ತಾರೆ. ಯಾರನ್ನೂ ಬೈಯುತ್ತಿಲ್ಲ, ಮಗು ಬೀಳುತ್ತಿದ್ದರೆ ತಂದೆ ತಾಯಿ ಸುಮ್ನೆ ಕೂರಲು ಆಗುತ್ತದಾ? ಆದರೆ ಕಾಯಿಲೆಯನ್ನೇ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ವಿಟಮಿನ್ ಸಿ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಉಪಯೋಗ ಆದೀತು ಅಂತ ಒಂದು ಕಾಲಕ್ಕೆ ತುಂಬಾ ಭರವಸೆ ಇತ್ತು. ಆಸ್ಟ್ರೇಲಿಯಾದಲ್ಲಿ 81 ಮಕ್ಕಳಿಗೆ ಒಂದು ವರ್ಷ ಕೊಟ್ಟು ನೋಡಿದರು, 2009ರಲ್ಲಿ ಫಲಿತಾಂಶ ಪ್ರಕಟವಾಯಿತು, ಉಪಯೋಗ ಆಗಲಿಲ್ಲ. ಹೀಗೆ "ಆಗಲಿಲ್ಲ" ಅಂತ ಗಟ್ಟಿಯಾಗಿ ಹೇಳಬೇಕಾದರೂ ಅಳತೆ ಬೇಕು, ಅಲ್ವಾ?

ಅಂಥ ಒಂದು ಅಳತೆಯೇ ನಾನು ಮೊದಲು ಹೇಳಿದ ಮಾಪನ, ಹೆಸರು ಸಿಎಂಟಿ ಪೀಡ್ಸ್, ಅಂದರೆ ಮಕ್ಕಳ ಸಿಎಂಟಿ ಮಾಪನ. ಸಿಡ್ನಿಯ ಜೋಶುವಾ ಬರ್ನ್ಸ್ ಮತ್ತು ಬೇರೆ ಬೇರೆ ದೇಶಗಳ ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. 3ರಿಂದ 20 ವರ್ಷದವರಿಗೆ. ಒಟ್ಟು 11 ಪರೀಕ್ಷೆ, ಒಂದೊಂದಕ್ಕೆ 0ಯಿಂದ 4 ಅಂಕ, ಎಲ್ಲ ಸೇರಿ 44. ಅಂಕ ಜಾಸ್ತಿ ಆದಷ್ಟೂ ತೊಂದರೆ ಜಾಸ್ತಿ. 14ರವರೆಗೆ ಸೌಮ್ಯ, 15ರಿಂದ 29 ಮಧ್ಯಮ, 30 ಮತ್ತು ಅದಕ್ಕಿಂತ ಮೇಲಿದ್ದರೆ ತೀವ್ರ. ಚಿಕ್ಕ ಗೂಟಗಳನ್ನು ತೂತುಗಳಲ್ಲಿ ಇಡುವುದು, ತಿರುವಿ ಹಾಕುವುದು, ಕೈ ಹಿಡಿತದ ಬಲ, ಪಾದ ಕೆಳಗೆ ಒತ್ತುವ ಮತ್ತು ಮೇಲೆ ಎತ್ತುವ ಬಲ, ಸೂಜಿಮೊನೆ ಗೊತ್ತಾಗುತ್ತದೆಯೇ, ಟ್ಯೂನಿಂಗ್ ಫೋರ್ಕಿನ ಕಂಪನ ಗೊತ್ತಾಗುತ್ತದೆಯೇ, ಮೈ ತೂಗಿಸಿ ನಿಲ್ಲುವುದು, ನಡಿಗೆ, ನಿಂತಲ್ಲಿಂದ ಮುಂದಕ್ಕೆ ಜಿಗಿಯುವುದು, ಆರು ನಿಮಿಷದ ನಡಿಗೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ರಕ್ತ ತೆಗೆಯುವುದಿಲ್ಲ, ಕರೆಂಟ್ ಕೊಡುವುದಿಲ್ಲ, ಮಗುವಿಗೆ ಅರ್ಧ ಆಟ ಇದ್ದ ಹಾಗೆ.

ಇದನ್ನು ಹೇಳಿದ ಕೂಡಲೇ ನನ್ನ ಸಹೋದ್ಯೋಗಿಗಳೇ ಕೆಲವರು ಕೇಳುತ್ತಾರೆ. ಇದೇನು ಪ್ರಶ್ನಾವಳಿಯಾ, ಬಲ ಅಳೆಯುವ ಯಂತ್ರಕ್ಕೂ ಸ್ಟಾಪ್‌ವಾಚಿಗೂ ಭಾಷೆ ಯಾಕೆ, ಇಂಗ್ಲಿಷ್ ಓದಿಕೊಂಡು ನಮಗೆ ತೋಚಿದ ಹಾಗೆ ಮಗುವಿಗೆ ಹೇಳಿದರೆ ಸಾಲದಾ ಅಂತ. ಸಾಲುವುದಿಲ್ಲ. ಯಾಕೆ ಅಂತ ನಾನು ದಿನಾ ನೋಡುವುದರಿಂದಲೇ ಹೇಳುತ್ತೇನೆ.

ಆರು ನಿಮಿಷದ ನಡಿಗೆ ತೆಗೆದುಕೊಳ್ಳಿ. ಓಡಬಾರದು, ಆದರೆ ಆದಷ್ಟು ದೂರ ನಡೆಯಬೇಕು. ಈ ಪರೀಕ್ಷೆಗೆ ಅಮೆರಿಕದ ಶ್ವಾಸಕೋಶ ತಜ್ಞರ ಸಂಘ 2002ರಲ್ಲೇ ನಿಯಮ ಬರೆದಿದೆ. ಪ್ರತಿ ನಿಮಿಷಕ್ಕೆ ಯಾವ ಮಾತು ಹೇಳಬೇಕು, ಎಷ್ಟು ನಿಮಿಷ ಉಳಿದಿದೆ ಅಂತ ಹೇಗೆ ತಿಳಿಸಬೇಕು, ಅದೂ ಸಮಾಧಾನದ ದನಿಯಲ್ಲಿ, ಎಲ್ಲವೂ ಅದರಲ್ಲಿದೆ. ಹುರಿದುಂಬಿಸಿದಷ್ಟೂ ಜನ ಜಾಸ್ತಿ ದೂರ ನಡೆಯುತ್ತಾರೆ ಅನ್ನುವುದೇ ಅದಕ್ಕೆ ಕಾರಣ. ನಮ್ಮಲ್ಲಿ ಏನಾಗುತ್ತದೆ? ಒಬ್ಬ ಥೆರಪಿಸ್ಟ್ ಬಾಯಿ ಬಿಡದೆ ವಾಚ್ ನೋಡುತ್ತಾ ನಿಲ್ಲುತ್ತಾರೆ. ಇನ್ನೊಬ್ಬರು "ಶಾಬಾಸ್, ಲಗೂ ಲಗೂ" ಅಂತ ಚಪ್ಪಾಳೆ ಹೊಡೆಯುತ್ತಾರೆ. ಕಾರಿಡಾರಿನ ತುದಿಯಲ್ಲಿ ಅವ್ವ ನಿಂತು "ಓಡು, ಓಡು, ಡಾಕ್ಟರ್ ನೋಡಾಕತ್ತಾರ" ಅನ್ನುತ್ತಾಳೆ. ಅದೇ ಮಗು, ಅದೇ ಕಾಲು, ಅಂಕ ಬೇರೆ.

ಸೂಜಿಮೊನೆ ಪರೀಕ್ಷೆಯಲ್ಲಿ ಇನ್ನೂ ಕಷ್ಟ. "ಚುಚ್ಚತೈತಿಲ್ಲೋ?" ಅಂತ ಕೇಳಿದರೆ ನಮ್ಮ ಮಕ್ಕಳು ಹೂಂ ಅನ್ನುತ್ತಾರೆ. ದೊಡ್ಡವರು ಕೇಳಿದ್ದಕ್ಕೆ ಹೂಂ ಅನ್ನುವುದೇ ಒಳ್ಳೆಯ ನಡತೆ ಅಂತ ಮನೆಯಲ್ಲೂ ಶಾಲೆಯಲ್ಲೂ ಕಲಿತಿರುತ್ತಾರೆ. ಕಣ್ಣು ಮುಚ್ಚಿಸಿ, "ಈಗ ಚುಚ್ಚಿದಂಗ ಆತೋ, ಬರೇ ಮುಟ್ಟಿದಂಗ ಆತೋ?" ಅಂತ ಎರಡನ್ನೂ ಸಮನಾಗಿ ಮುಂದಿಟ್ಟರೆ ಆಗ ಮಗು ಯೋಚನೆ ಮಾಡಿ ಹೇಳುತ್ತದೆ. ಕಂಪನದ್ದೂ ಹಾಗೇ. ಮೊದಲು ಎದೆಮೂಳೆ ಮೇಲೋ ಹಣೆ ಮೇಲೋ ಇಟ್ಟು ಅದು ಹೇಗಿರುತ್ತದೆ ಅಂತ ತೋರಿಸದೆ ಸೀದಾ ಹೆಬ್ಬೆರಳಿಗೆ ಇಟ್ಟರೆ, ಮಗು ಕಬ್ಬಿಣದ ತಣ್ಣಗಿನ ಮುಟ್ಟುವಿಕೆಗೇ "ಗೊತ್ತಾಗತೈತಿ" ಅನ್ನುತ್ತದೆ. ಪಾದ ಎತ್ತುವ ಬಲ ಅಳೆಯುವಾಗಲೂ ಅಷ್ಟೇ. ಹೇಳಿದ್ದು ಅರ್ಥವಾಗದ ಮಗು ಪಾದದ ಬದಲು ಇಡೀ ಕಾಲನ್ನೇ ಎತ್ತುತ್ತದೆ.

ಇದೆಲ್ಲ ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ ಈ ಕಾಯಿಲೆ ಎಷ್ಟು ನಿಧಾನ ಅಂತ ಗೊತ್ತಾದರೆ ಹಾಗನ್ನಿಸುವುದಿಲ್ಲ. ಸಿಎಂಟಿ ಮಕ್ಕಳನ್ನು ಎರಡು ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಸರಾಸರಿ ಅಂಕ ಏರಿದ್ದು ಎರಡೂವರೆಗಿಂತ ಕಮ್ಮಿ. ಎರಡು ವರ್ಷಕ್ಕೆ, 44ರಲ್ಲಿ! ಈಗ ಹೇಳಿ, ಹೋದ ವರ್ಷ ಒಬ್ಬರು ಒಂದು ರೀತಿ ಹೇಳಿ ಮಾಡಿಸಿದ್ದಾರೆ, ಈ ವರ್ಷ ಇನ್ನೊಬ್ಬರು ಬೇರೆ ರೀತಿ ಹೇಳಿ ಮಾಡಿಸಿದ್ದಾರೆ, ಅಷ್ಟರಲ್ಲೇ ಎರಡು ಅಂಕ ಆಚೀಚೆ ಆದರೆ ಏನಾಯಿತು? ಕಾಯಿಲೆ ಮುಂದುವರಿದಿದ್ದರೂ ಕಾಣುವುದಿಲ್ಲ. ಮುಂದುವರಿಯದಿದ್ದರೂ ಹೆಚ್ಚಾಗಿದೆ ಅಂತ ಬರೆದುಕೊಟ್ಟು ಒಂದು ಮನೆಯವರ ನಿದ್ದೆ ಕೆಡಿಸುತ್ತೇವೆ. ಗದಗಿನಿಂದಲೋ ಹಾನಗಲ್ಲಿನಿಂದಲೋ ಕೆಲಸ ಬಿಟ್ಟು, ಮಗುವಿನ ಶಾಲೆ ಬಿಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಳೇ ಕಾಗದ ಎಲ್ಲ ತುಂಬಿಕೊಂಡು ಬಂದವರು ಕೇಳುವುದು ಒಂದೇ ಪ್ರಶ್ನೆ, "ಹೋದ ಸಲಕ್ಕಿಂತ ಹೆಂಗೈತ್ರಿ?" ಅದಕ್ಕೆ ಗಟ್ಟಿ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಒಂದು ಮಾಪನವನ್ನು ಬೇರೆ ಭಾಷೆಗೆ ತರುವುದಕ್ಕೆ ಗೊತ್ತಾದ ಕ್ರಮವೇ ಇದೆ. ಮೂಲ ಮಾಡಿದವರ ಒಪ್ಪಿಗೆ ಮೊದಲು. ಆಮೇಲೆ ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡುತ್ತಾರೆ. ಒಬ್ಬರಿಗೆ ವೈದ್ಯಕೀಯ ಗೊತ್ತಿರುತ್ತದೆ, ಇನ್ನೊಬ್ಬರಿಗೆ ಗೊತ್ತಿರಬಾರದು. ಗೊತ್ತಿಲ್ಲದವರ ಅನುವಾದದಲ್ಲೇ ಜನ ಆಡುವ ಮಾತು ಬರುವುದು. ಎರಡನ್ನೂ ಕೂರಿಸಿ ಒಂದು ಮಾಡುತ್ತಾರೆ. ಮೂಲ ನೋಡದ ಇನ್ನಿಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಹಾಕುತ್ತಾರೆ. ಎಲ್ಲಿ ದಾರಿ ತಪ್ಪಿದೆ ಅಂತ ಅಲ್ಲಿ ಸಿಕ್ಕಿಬೀಳುತ್ತದೆ. ವೈದ್ಯರು, ಥೆರಪಿಸ್ಟರು, ಭಾಷೆ ಬಲ್ಲವರು ಸೇರಿ ಕೊನೆಯ ರೂಪ ಕೊಡುತ್ತಾರೆ. ನಂತರ ನಿಜವಾದ ಮಕ್ಕಳ ಮೇಲೆ ಮಾಡಿ ನೋಡುತ್ತಾರೆ. ಒಂದೇ ಮಗುವನ್ನು ಇಬ್ಬರು ಅಳೆದರೆ ಒಂದೇ ಅಂಕ ಬರುತ್ತದೆಯೇ, ಒಂದೆರಡು ವಾರ ಬಿಟ್ಟು ಮತ್ತೆ ಅಳೆದರೆ ಅದೇ ಬರುತ್ತದೆಯೇ ಅಂತ ಪರೀಕ್ಷೆ ಮಾಡುತ್ತಾರೆ. ಬ್ರೆಜಿಲ್‌ನವರು ತಮ್ಮ ಪೋರ್ಚುಗೀಸಿಗೆ ಸಿಎಂಟಿ ಪೀಡ್ಸನ್ನು ಹೀಗೇ ತಂದುಕೊಂಡಿದ್ದಾರೆ. ಪೋರ್ಚುಗಲ್‌ನಲ್ಲೂ ಅದೇ ಭಾಷೆ, ಆದರೂ ಬ್ರೆಜಿಲ್ ಮಕ್ಕಳಿಗೆ ಬ್ರೆಜಿಲ್ ಮಾತಲ್ಲೇ ಬೇಕು ಅಂದುಕೊಂಡರು. ಸ್ಪ್ಯಾನಿಷ್ ಕೂಡ ಹಾಗೇ, ಸ್ಪೇನಿನ ಮಗುವೂ ಮೆಕ್ಸಿಕೋದ ಮಗುವೂ ಆಡುವ ಮಾತು ಬೇರೆ ಬೇರೆ.

ಇದೇ ಕಾರಣಕ್ಕೆ ಬೆಂಗಳೂರಿನಲ್ಲಿ ಯಾರಾದರೂ ಕನ್ನಡದಲ್ಲಿ ಮಾಡಿಕೊಡಲಿ ಅಂತ ಕಾಯುವುದು ಬೇಡ ಅನ್ನುತ್ತೇನೆ. ಮಾಡಿದರೆ ಸಂತೋಷ. ಆದರೆ ನಾಲ್ಕು ವರ್ಷದ ಮಗುವಿಗೆ ಪುಸ್ತಕದ ಕನ್ನಡವೂ ಒಂದೇ, ಪರದೇಶದ ಭಾಷೆಯೂ ಒಂದೇ. ರೋಣ, ಶಿಗ್ಗಾಂವಿ, ಕಲಘಟಗಿಯ ಮಗುವಿಗೆ ಅದರ ಮನೆಮಾತಿನ ಹತ್ತಿರದಲ್ಲಿ ಹೇಳಬೇಕು. ಮನೆಮಾತು ಅಂದಾಗ ಇನ್ನೊಂದು ಮಾತು. ಹಳೇ ಹುಬ್ಬಳ್ಳಿಯ ಎಷ್ಟೋ ಮಕ್ಕಳ ಮನೆಯಲ್ಲಿ ಉರ್ದು, ಗದಗ ಜಿಲ್ಲೆಯ ತಾಂಡಾಗಳ ಮಕ್ಕಳ ಮನೆಯಲ್ಲಿ ಲಂಬಾಣಿ. ಶಾಲೆಗೆ ಬರುವವರೆಗೆ ಕನ್ನಡ ಅಷ್ಟಕ್ಕಷ್ಟೇ. ಪ್ರಯೋಗ ಮಾಡಿ ನೋಡುವಾಗ ಈ ಮಕ್ಕಳನ್ನೂ ಸೇರಿಸಿಕೊಳ್ಳಬೇಕು. ಬರೀ ಬಾಯಿಮಾತಲ್ಲಿ ಹೇಳದೆ ಒಂದು ಸಲ ಮಾಡಿ ತೋರಿಸಬೇಕಾದ ಕಡೆ ತೋರಿಸಲೇಬೇಕು ಅಂತ ಬರೆದಿಡಬೇಕು.

ಮಾತು ಹೊಂದಿಸಿದರೆ ಅರ್ಧ ಕೆಲಸ ಅಷ್ಟೇ. ಇದರ ಅಂಕ ಕೊಡುವುದು ಅದೇ ವಯಸ್ಸಿನ ಆರೋಗ್ಯವಂತ ಗಂಡು ಅಥವಾ ಹೆಣ್ಣು ಮಗುವಿನ ಜೊತೆ ಹೋಲಿಸಿ. ಆ ಹೋಲಿಕೆಯ ಲೆಕ್ಕಗಳು ಬಹುಪಾಲು ಹೊರದೇಶದ ಮಕ್ಕಳದ್ದು. ಎತ್ತರ, ತೂಕ ಕಮ್ಮಿ ಇರುವ ನಮ್ಮ ಮಗುವಿನ ಕೈಹಿಡಿತ, ಜಿಗಿತದ ಉದ್ದ ಅವರಿಗಿಂತ ಕಮ್ಮಿ ಇದ್ದರೆ ಅದು ನರರೋಗದಿಂದಲೋ, ಮೈಕಟ್ಟಿನಿಂದಲೋ? ಇದಕ್ಕೆ ಪರಿಹಾರ ನಮ್ಮ ಊರಿನ ಶಾಲೆಗಳಲ್ಲೇ ಇದೆ. ಸರ್ಕಾರಿ ಶಾಲೆಯ ಆರೋಗ್ಯವಂತ ಮಕ್ಕಳನ್ನು, ತಂದೆ ತಾಯಿ ಒಪ್ಪಿಗೆ ಪಡೆದು, ವಯಸ್ಸಿಗೆ ತಕ್ಕಂತೆ ಅಳೆದು ನಮ್ಮದೇ ಲೆಕ್ಕ ಮಾಡಬಹುದು. ದೈಹಿಕ ಶಿಕ್ಷಕರು ಕೈಜೋಡಿಸಿದರೆ ಇದು ದೊಡ್ಡ ಕೆಲಸವೇ ಅಲ್ಲ. ಜಿಗಿಯುವುದಕ್ಕೂ ನಡೆಯುವುದಕ್ಕೂ ಅಲ್ಲಿ ಮೈದಾನ ಇದೆ. ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಹತ್ತರ ಮೇಲೆ 30 ಮೀಟರ್ ಖಾಲಿ ಜಾಗ ಹುಡುಕುವುದೇ ಒಂದು ಸಾಹಸ.

ಔಷಧವೇ ಇಲ್ಲದ ಕಾಯಿಲೆಗೆ ಇಷ್ಟೆಲ್ಲ ಅಳತೆ ಯಾಕೆ ಅಂತ ಕೇಳುವವರಿಗೂ ಉತ್ತರ ಇದೆ. ಸಿಡ್ನಿಯಲ್ಲೇ 6ರಿಂದ 17 ವರ್ಷದ 60 ಸಿಎಂಟಿ ಮಕ್ಕಳ ಮೇಲೆ ಇನ್ನೊಂದು ಅಧ್ಯಯನ ಆಯಿತು. ಅವರಲ್ಲಿ ಅರ್ಧ ಮಕ್ಕಳಿಗೆ ಪಾದ ಮೇಲೆತ್ತುವ ಸ್ನಾಯುಗಳಿಗೆ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸುತ್ತಾ ಆರು ತಿಂಗಳು ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಿಸಿದರು. ಎರಡು ವರ್ಷದ ಹೊತ್ತಿಗೆ ಆ ಮಕ್ಕಳ ಪಾದದ ಬಲ ಉಳಿದವರಷ್ಟು ಇಳಿಯಲಿಲ್ಲ. ವ್ಯಾಯಾಮ! ಮನೆಯಲ್ಲೇ ಮಾಡಿಸಬಹುದಾದದ್ದು. ಒಬ್ಬ ಫಿಸಿಯೋಥೆರಪಿಸ್ಟ್ ಆಗಿ ಇದನ್ನು ಓದಿದಾಗ ನನಗಾದ ಖುಷಿ ಹೇಳತೀರದು. ಇದಲ್ಲದೆ ಪಾದಕ್ಕೆ ಆಸರೆಯ ಪಟ್ಟಿ ಯಾವಾಗ ಕೊಡಬೇಕು, ಆಪರೇಷನ್ ಬಗ್ಗೆ ಮೂಳೆ ವೈದ್ಯರ ಹತ್ತಿರ ಯಾವಾಗ ಕಳಿಸಬೇಕು ಅನ್ನುವುದಕ್ಕೂ ವರ್ಷ ವರ್ಷದ ಅಂಕ ದಾರಿ ತೋರಿಸುತ್ತದೆ. ಮುಂದೆ ಹೊಸ ಔಷಧದ ಪ್ರಯೋಗ ಬಂದರೆ, ಸರಿಯಾದ ದಾಖಲೆ ಇರುವ ಮಕ್ಕಳನ್ನೇ ಮೊದಲು ಕರೆಯುತ್ತಾರೆ. ನಮ್ಮ ಮಕ್ಕಳ ಹೆಸರು ಅಲ್ಲಿ ಇರುವುದು ಬೇಡವಾ?

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಅನ್ನುವ ಔಷಧ ಸಿಎಂಟಿ 1ಎ ಇರುವವರ ನರಗಳನ್ನು ತೀವ್ರವಾಗಿ ಕೆಡಿಸಬಲ್ಲದು. ಮನೆಯಲ್ಲಿ ಯಾರಿಗಾದರೂ ಇಂಥ ಪಾದ, ಇಂಥ ನಡಿಗೆ ಇದ್ದರೆ ಅದನ್ನು ಕ್ಯಾನ್ಸರ್ ವೈದ್ಯರಿಗೆ ಮೊದಲೇ ಹೇಳಿ. ಅದೇ ರೀತಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬರುತ್ತವಲ್ಲ, ಅವರು ಪ್ರತಿ ಮಗುವಿಗೂ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡಿ ಅಂದರೂ ಸಾಕು, ಅನುಮಾನ ಬರುವ ಮಕ್ಕಳು ಬೇಗ ಸಿಗುತ್ತಾರೆ.

ಇನ್ನು ಮಾಡುವವರು ಯಾರು? ಹುಬ್ಬಳ್ಳಿಯಲ್ಲಿ ಎಲ್ಲರೂ ಇವತ್ತಿಗೂ ಕಿಮ್ಸ್ ಅಂತಲೇ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಸುತ್ತಲಿನ ಜಿಲ್ಲೆಗಳ ಮಕ್ಕಳೆಲ್ಲ ಬರುವುದು ಅಲ್ಲಿಗೇ. ಸತ್ತೂರಿನ ಎಸ್‌ಡಿಎಂನಲ್ಲಿ ವೈದ್ಯಕೀಯವೂ ಇದೆ, ಫಿಸಿಯೋಥೆರಪಿ ಕಾಲೇಜೂ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಇದೆ. ಗದಗ, ಹಾವೇರಿಗೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿವೆ. ಭಾಷೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠ ಇದೆ. ಇವರೆಲ್ಲ ಇರುವುದು ಚಿಗರಿ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ, ಗದಗ ಹಾವೇರಿಯವರಿಗೆ ರೈಲಿದೆ. ಕನ್ನಡದಲ್ಲಿ ಇಂಥದ್ದು ಆಗುವುದಿಲ್ಲ ಅನ್ನಬೇಡಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಮಕ್ಕಳ ಮಾತು, ಭಾಷೆ ಪರೀಕ್ಷಿಸುವ ಸಾಧನಗಳನ್ನು ಕನ್ನಡದಲ್ಲೇ ಮಾಡಿಕೊಂಡು ದಶಕಗಳಿಂದ ಬಳಸುತ್ತಿದ್ದಾರೆ.

ನನ್ನ ಸಲಹೆ ಸರಳ. ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕು. ಮತ್ತೆ ಮತ್ತೆ ಸೊಂಟನೋವು, ಮೊಣಕಾಲು ನೋವಿನ ಮೇಲೆಯೇ ಬರೆಯುವ ಬದಲು, ಈ ಸಲ ಇಬ್ಬರು ಇದನ್ನು ಹಂಚಿಕೊಳ್ಳಲಿ. ಒಬ್ಬರು ಭಾಷೆಯ ಕೆಲಸ, ಇನ್ನೊಬ್ಬರು ಶಾಲಾ ಮಕ್ಕಳ ಲೆಕ್ಕ. ಮಾರ್ಗದರ್ಶಕರು ಮೂಲ ತಂಡಕ್ಕೆ ಒಪ್ಪಿಗೆ ಕೇಳಿ ಒಂದು ಇಮೇಲ್ ಹಾಕಲಿ. ಬಲ ಅಳೆಯುವ ಸಾಧನ ಕೊಳ್ಳಲು ಕಷ್ಟ ಆದರೆ ಕಾಲೇಜುಗಳು ಹಂಚಿಕೊಂಡು ಬಳಸಲಿ. ಶಾಲೆಗೆ ಹೋಗಿ ಅಳೆಯುವ ದಿನ ಕೈಗೆ ಜನ ಬೇಕಾದರೆ ನಾನು ಬರುತ್ತೇನೆ. ನನ್ನಂತೆ ಖಾಸಗಿಯಾಗಿ ಕೆಲಸ ಮಾಡುವ ಇನ್ನೂ ಕೆಲವರು ಬರಲು ಒಪ್ಪಿದ್ದಾರೆ. ಪ್ರಬಂಧದ ವಿಷಯ ಕೊಡುವ ಹೊತ್ತು ಬರುವ ಮೊದಲೇ ಸಂಬಂಧಪಟ್ಟ ವಿಭಾಗದ ಮುಖ್ಯಸ್ಥರು ಇದನ್ನು ಓದಲಿ ಅಂತ ನಿಮ್ಮ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್,
ವಿದ್ಯಾನಗರ, ಹುಬ್ಬಳ್ಳಿ